ಒಂದೇ ಎಳೆತದ ದೋಣಿ

ಗುಡಾರದವನ ಹೆಂಡತಿ ಆ ಬೆಳಿಗ್ಗೆ ದೋಣಿಯಲ್ಲಿ ಕೂತದ್ದು ನೀರಿನ ಆಸೆಯಿಂದಲ್ಲ, ಗಂಡನ ಕಾಟ ತಾಳಲಾರದೆ. ದೋಣಿ ಇದ್ದದ್ದೂ ನೀರಿನಲ್ಲಲ್ಲ. ಗುಡಾರ ಹೊಲಿಯುವ ಅಂಗಡಿಯ ಸಿಮೆಂಟು ನೆಲದ ಮೇಲೆ, ಹೊಲಿಗೆ ಯಂತ್ರಕ್ಕೂ ಟಾರ್ಪಾಲಿನ ಸುರುಳಿಗಳಿಗೂ ನಡುವೆ.

"ಒಂದು ನಿಮಿಷ ಕೂತ್ಕೊಳ್ಳೇ. ಭಾರ ಬಿದ್ದಾಗ ಹೊದಿಕೆ ಎಲ್ಲಿ ಸುಕ್ಕಾಗುತ್ತೆ ಅಂತ ನೋಡಬೇಕು."

"ಭಾರ ಬೇಕಂದ್ರೆ ಮರಳಿನ ಮೂಟೆ ಇಡಿ."

"ಮೂಟೆಗೆ ಕೈಕಾಲು ಇಲ್ಲವಲ್ಲ."

"ಮದುವೆ ಆದಾಗಿನಿಂದ ನೀವು ನನ್ನ ಹೊಗಳಿದ್ದು ಇದೊಂದೇ ಸಲ" ಎನ್ನುತ್ತಾ ಅವಳು ಚಪ್ಪಲಿಯನ್ನೂ ಬಿಡದೆ ಒಳಗಿಳಿದು ಕೂತಳು.

ಇದು ಅವನು ಮಾಡುತ್ತಿದ್ದ ಎರಡನೇ ದೋಣಿ. ಮೊದಲನೆಯದು ಅಂದೇ ಬೆಳಿಗ್ಗೆ ಸೊಸೆಯ ಬೆನ್ನೇರಿ ಬಸ್ಸು ಹತ್ತಿತ್ತು. ಸೊಸೆಗೆ ಊರಿನ ನೀರು ಸರಬರಾಜು ಕಚೇರಿಯಲ್ಲಿ ಕೆಲಸ. ಜಲಾಶಯದ ನೀರನ್ನು ಬಾಟಲಿಯಲ್ಲಿ ತುಂಬಿ ತಂದು, ಕುಡಿಯಲು ಯೋಗ್ಯವೋ ಅಲ್ಲವೋ ಎಂದು ನೋಡುವುದು ಅವಳ ಪಾಲಿನದು. ಕಚೇರಿಯ ಹಳೆಯ ಮರದ ದೋಣಿಯ ತಳ ಕೊಳೆತು ಹೋಗಿತ್ತು. ಹೊಸದು ಇಂದು ಬರುತ್ತದೆ ನಾಳೆ ಬರುತ್ತದೆ ಎಂದು ಕಚೇರಿಯವರು ಹೇಳುತ್ತಲೇ ಇದ್ದುದರಿಂದ ಅವಳು ದಡದಲ್ಲೇ ಬಗ್ಗಿ ನೀರು ತುಂಬಬೇಕಾಗಿ ಬಂದಿತ್ತು. "ದಡದ ನೀರು ದಡದ ಸಮಾಚಾರ ಹೇಳುತ್ತೆ ಮಾವ. ಊರು ಕುಡಿಯೋದು ನಡುವಿನ ನೀರನ್ನ" ಎಂದು ಒಂದು ದಿನ ಊಟಕ್ಕೆ ಕೂತಾಗ ಬೇಸರದಿಂದ ಹೇಳಿದ್ದಳು.

"ಒಬ್ಬರೇ ಕೂತು ಹೋಗೋದು ಸಿಗುತ್ತಲ್ಲ, ಕಯಾಕ್ ಅಂತಾರಲ್ಲ?" ಎಂದು ಮಾವ ಕೇಳಿದ್ದ.

"ಸಿಗುತ್ತೆ. ಆದರೆ ಬಸ್ಸಲ್ಲಿ ಅದಕ್ಕೆ ಟಿಕೆಟ್ ಕೊಡಲ್ಲ. ನಮ್ಮ ಮೂರನೇ ಮಹಡಿಗೆ ಮೆಟ್ಟಿಲು ಹತ್ತೋಕೆ ಅದಕ್ಕೆ ಬರಲ್ಲ. ಬಂದರೂ ಎಲ್ಲಿ ಇಡೋದು, ನಿಮ್ಮ ಮಗನ ತಲೆ ಮೇಲಾ?"

ಅಷ್ಟು ಸಾಕಾಯಿತು. ಒಂದು ಹೊಲ ತುಂಬುವ ಗುಡಾರವನ್ನು ಒಂದು ಚೀಲಕ್ಕೆ ಇಳಿಸುವುದನ್ನೇ ಹುಟ್ಟಿದಾಗಿನಿಂದ ಮಾಡಿಕೊಂಡು ಬಂದವನಿಗೆ ಎರಡಾಳುದ್ದದ ಒಂದು ದೋಣಿ ಯಾವ ಲೆಕ್ಕ. ಗುಡಾರದ ಹಗುರ ಕೊಳವೆಗಳನ್ನೇ ಅಸ್ಥಿಪಂಜರ ಮಾಡಿದ. ಲಾರಿಗೆ ಹೊದಿಸುವ ಟಾರ್ಪಾಲನ್ನು ಬಿಸಿ ಮಾಡಿ ಅಂಟಿಸಿ ಚರ್ಮ ಮಾಡಿದ. ತಳದಲ್ಲಿ ಉದ್ದಕ್ಕೆ ಹೋಗುವ ಬೆನ್ನೆಲುಬಿನ ಕೊಳವೆಗೆ ಸರಿಯಾಗಿ ನಡುವಿನಲ್ಲಿ ಒಂದು ಕೀಲು ಇಟ್ಟ. ಕೀಲನ್ನು ನೆಟ್ಟಗೆ ಮಾಡಿ ಕೊಂಡಿ ಹಾಕಿದರೆ ಹೊದಿಕೆ ಡೋಲಿನಂತೆ ಬಿಗಿದುಕೊಂಡು ದೋಣಿಯಾಗುತ್ತಿತ್ತು. ಕೊಂಡಿಗೆ ಒಂದು ಕೆಂಪು ಪಟ್ಟಿಯ ಕುಣಿಕೆ. ಅದನ್ನು ಒಮ್ಮೆ ಎಳೆದರೆ ಸಾಕು, ಒಳಗಿನ ರಬ್ಬರಿನ ಹುರಿಗಳು ಎರಡೂ ತುದಿಗಳನ್ನು ಮೇಲಕ್ಕೆ ಎಳೆದು, ಪುಸ್ತಕ ಮುಚ್ಚಿದ ಹಾಗೆ ದೋಣಿ ತಾನಾಗಿ ಮಡಚಿಕೊಳ್ಳುತ್ತಿತ್ತು. ಆಮೇಲೆ ಕೊಳವೆ ಕಳಚಿ ಸುತ್ತಿದರೆ ಹೆಗಲಿಗೇರಿಸುವ ಒಂದು ಚೀಲದಲ್ಲಿ ಹಿಡಿಯುತ್ತಿತ್ತು.

ಆ ಕೆಂಪು ಪಟ್ಟಿಯ ಮೇಲೆ ಅವನಿಗೆ ಮಗನ ಮೇಲಿರದಷ್ಟು ಮಮತೆ. ಗುಡಾರದವರ ಕಸುಬಿನಲ್ಲಿ ಒಂದು ಮಾತಿದೆ: ಕಟ್ಟುವುದಕ್ಕೆ ಹತ್ತು ಕೈ, ಬಿಚ್ಚುವುದಕ್ಕೆ ಒಂದೇ ಕೈ. ಒಳಗೆ ಜನ ತುಂಬಿರುವಾಗ ಬೆಂಕಿ ಬಿದ್ದರೆ, ಬಿರುಗಾಳಿ ಹೊಕ್ಕರೆ, ಗಂಟು ಬಿಚ್ಚುತ್ತಾ ಕೂರುವವನು ಗುಡಾರದವನೇ ಅಲ್ಲ. ಅಪ್ಪ ಹಾಗೆ ಕಲಿಸಿದ್ದ, ಅಪ್ಪನಿಗೆ ಅವನ ಅಪ್ಪ. ಅವರ ಮನೆಯಲ್ಲಿ ಯಾರೂ ಜೀರುಗುಣಿಕೆ ಬಿಟ್ಟು ಬೇರೆ ಗಂಟು ಹಾಕಿದವರಲ್ಲ; ತುದಿ ಹಿಡಿದು ಎಳೆದರೆ ಅದು ಸರ್ರನೆ ಬಿಚ್ಚಿಕೊಳ್ಳಬೇಕು.

ಸೊಸೆ ಮಾತ್ರ ಮೊದಲ ಸಲ ದೋಣಿ ಮುಚ್ಚಿಕೊಂಡದ್ದನ್ನು ಕಂಡು ಕೇಳಿದ್ದಳು. "ಮಾವ, ಇದು ಇಷ್ಟು ಸಲೀಸಾಗಿ ಬಿಚ್ಚಿಕೊಳ್ಳಬೇಕಾ?"

"ಬಿಚ್ಚೋದನ್ನ ನನಗೆ ಹೇಳಿಕೊಡ್ತೀಯಾ ತಾಯಿ? ನಿನ್ನ ಬಾಟಲಿ ನೀನು ನೋಡ್ಕೋ."

ಅವನು ಊರಾಚೆಯ ಕಲ್ಲುಗಣಿಯ ಹೊಂಡದಲ್ಲಿ ತಾನೇ ಕೂತು, ಸುತ್ತು ಹಾಕಿ, ಕುಲುಕಿ, ಓಲಾಡಿಸಿ ನೋಡಿದ್ದ. ದೋಣಿ ಬಂಡೆಯ ಹಾಗಿತ್ತು. ಅವನದು ಉದ್ದನೆಯ ಕಾಲು. ಹಿಮ್ಮಡಿ ಕೊಂಡಿಯನ್ನು ದಾಟಿ ಎಷ್ಟೋ ಮುಂದೆ ಹೋಗಿ ಊರುತ್ತಿತ್ತು.

"ರೀ, ಕಾಲಡಿ ಏನೋ ಕಚಗುಳಿ ಇಡ್ತಿದೆ" ಎಂದಳು ಹೆಂಡತಿ, ನೆಲದ ಮೇಲಿನ ದೋಣಿಯಿಂದ.

"ಪಟ್ಟಿ ಇರಬೇಕು. ಸುಮ್ನೆ ಕೂತ್ಕೋ." ಅವನು ಹಿಂಭಾಗದಲ್ಲಿ ಬಗ್ಗಿ ಹೊದಿಕೆಯನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದ.

"ಕೂತಿದ್ದಾಯ್ತು. ಒಲೆ ಮೇಲೆ ಹಾಲಿದೆ." ಏಳಲೆಂದು ಅವಳು ಕಾಲನ್ನು ತನ್ನ ಕಡೆಗೆ ಎಳೆದುಕೊಂಡಳು. ಚಪ್ಪಲಿಯ ಹಿಮ್ಮಡಿ ಕುಣಿಕೆಯೊಳಗೆ ಸಿಕ್ಕಿಕೊಂಡಿತ್ತು.

ಟಕ್ ಎಂದಿತು ಕೊಂಡಿ. ಮುಂದಿನ ತುದಿ, ಹಿಂದಿನ ತುದಿ ಎರಡೂ ನೆಲ ಬಿಟ್ಟೆದ್ದು, ನಡುವೆ ಅವಳನ್ನಿಟ್ಟುಕೊಂಡು ಮುಚ್ಚಿಕೊಂಡವು. ಮಂಡಿ ಗಲ್ಲಕ್ಕೆ ಬಡಿದು ಅವಳು ಚಾಪೆಯಲ್ಲಿ ಸುತ್ತಿದ ದಿಂಬಿನಂತಾದಳು. ಮೊದಲು ಒಳಗಿನಿಂದ ನಗು ಕೇಳಿತು. ಆಮೇಲೆ ನಗು ಸಣ್ಣದಾಯಿತು.

"ಬಿಡಿಸ್ರೀ. ಉಸಿರಾಡೋಕೆ ಆಗ್ತಿಲ್ಲ."

ಅವನು ಎರಡೂ ತುದಿ ಹಿಡಿದು ಅಗಲಿಸಿದ. ಆಗಲಿಲ್ಲ. ಒಳಗಿನವಳ ಭಾರವೇ ಕೀಲನ್ನು ಕೆಳಕ್ಕೊತ್ತಿ ದೋಣಿಯನ್ನು ಇನ್ನಷ್ಟು ಮುಚ್ಚುತ್ತಿತ್ತು. ಕೊನೆಗೆ ಒಂದು ತುದಿಯನ್ನು ಕಾಲಿನಿಂದ ಮೆಟ್ಟಿ, ಇನ್ನೊಂದಕ್ಕೆ ಹೆಗಲು ಕೊಟ್ಟು ಬಾಯಿ ತೆರೆಸಿದಾಗ ಅವಳು ಪಕ್ಕಕ್ಕೆ ಉರುಳಿ ಹೊರಗೆ ಬಿದ್ದಳು.

"ನೀವು ಮಾಡಿರೋದು ದೋಣಿ ಅಲ್ಲ, ಇಲಿ ಬೋನು" ಎಂದಳು ಸೊಂಟ ಉಜ್ಜಿಕೊಳ್ಳುತ್ತಾ.

ಗಂಡ ನಗಲಿಲ್ಲ. ಅವಳ ಚಪ್ಪಲಿಯನ್ನೇ ನೋಡುತ್ತಿದ್ದ. "ಸೊಸೆ ಇವತ್ತು ಕಾಲಿಗೆ ಏನು ಹಾಕ್ಕೊಂಡು ಹೋದಳು?"

"ರಬ್ಬರ್ ಬೂಟು. ಯಾಕೆ?" ಎಂದವಳು ಅಲ್ಲಿಗೇ ನಿಂತಳು. ಅತ್ತೆ ಸೊಸೆ ಇಬ್ಬರದೂ ಒಂದೇ ಎತ್ತರ. ಮಳೆಗಾಲದಲ್ಲಿ ಅತ್ತೆ ಸಂತೆಗೆ ಹೋಗುತ್ತಿದ್ದದ್ದು ಅದೇ ಬೂಟಿನಲ್ಲಿ. ಅದಕ್ಕೆ ದಪ್ಪನೆಯ ಹಿಮ್ಮಡಿ ಇತ್ತು.

ಅವನು ಫೋನು ಮಾಡಿದ. ರಿಂಗಾಯಿತು, ಸೊಸೆ ಎತ್ತಲಿಲ್ಲ. ಇನ್ನೊಮ್ಮೆ ಒತ್ತಲು ಹೋದಾಗ ಹೆಂಡತಿ ಕೈ ಹಿಡಿದಳು. "ಮಾಡಬೇಡಿ. ನೀರಿನ ಮೇಲಿದ್ದರೆ ಫೋನ್ ತಗೊಳ್ಳೋಕೆ ಅಂತ ಬಗ್ಗುತ್ತಾಳೆ, ಕಾಲು ಎಳ್ಕೋತಾಳೆ."

"ಲೈಫ್ ಜಾಕೆಟ್ ಹಾಕ್ಕೊಂಡಿರ್ತಾಳೆ" ಎಂದ ಅವನು, ತನಗೆ ತಾನೇ.

"ಜಾಕೆಟ್ ಮೇಲಕ್ಕೆ ಎಳೆಯುತ್ತೆ. ನಿಮ್ಮ ದೋಣಿ ಕೆಳಕ್ಕೆ ಎಳೆಯುತ್ತೆ. ನಡುವೆ ಅವಳೇನು ಮಾಡಬೇಕು?" ಅವಳು ವ್ಯಾನಿನ ಕೀಲಿಕೈಯನ್ನು ಅವನ ಅಂಗೈಗೆ ಒತ್ತಿದಳು. "ಹೋಗಿ. ಒಂದು ಮಾತು ಕೇಳಿ. ಅಲ್ಲಿ ಹೋಗಿ ಬಾಯಿ ಬಡ್ಕೋಬೇಡಿ. ನೀವು ಕಿರುಚಿದ್ರೆ ಅವಳು ಬೆಚ್ಚಿಬೀಳ್ತಾಳೆ, ಬೆಚ್ಚಿದವರು ಮೊದಲು ಎಳ್ಕೊಳ್ಳೋದು ಕಾಲನ್ನೇ."

ದಾರಿಯಲ್ಲಿ ಅವನಿಗೆ ಸಿಕ್ಕಿದ ಲಾರಿಗಳೆಲ್ಲ ಅಂದು ಬೇಕೆಂದೇ ಆಮೆಯಾಗಿದ್ದವು. ಸೇತುವೆಯ ಬಳಿ ಯಾರೋ ಮಂಚ ಹೊತ್ತು ರಸ್ತೆ ದಾಟುತ್ತಿದ್ದರು, ಅದೂ ನಡುರಸ್ತೆಯಲ್ಲಿ ಇಳಿಸಿ ಕೈ ಬದಲಿಸಿಕೊಂಡು. ಅವನು ಹಾರ್ನ್ ಒತ್ತಿದ ಕೈ ತೆಗೆಯಲಿಲ್ಲ. ಕಣ್ಣೆದುರಿಗೆ ಬರುತ್ತಿದ್ದದ್ದು ಒಂದೇ: ಸಿಮೆಂಟಿನ ನೆಲದ ಮೇಲೆ, ಇಬ್ಬರೇ ಇದ್ದ ಕಡೆ, ಹೆಗಲು ಕೊಟ್ಟು ಬಿಡಿಸಬೇಕಾದರೆ ಅಷ್ಟು ಹೊತ್ತು ಹಿಡಿಯಿತು. ನೀರಿನಲ್ಲಿ ಯಾರಿದ್ದಾರೆ, ಯಾವ ನೆಲವನ್ನು ಮೆಟ್ಟಿ ನಿಲ್ಲುತ್ತಾರೆ? ಅವಳು ಕೇಳಿದ್ದಳು, ಇಷ್ಟು ಸಲೀಸಾಗಿ ಬಿಚ್ಚಿಕೊಳ್ಳಬೇಕಾ ಅಂತ. ಕೇಳಿದವಳ ಬಾಯಿಯನ್ನು ತಾನೇ ಮುಚ್ಚಿಸಿದ್ದ.

ಜಲಾಶಯದ ಕಲ್ಲಿನ ಮೆಟ್ಟಿಲ ಮೇಲೆ ಖಾಲಿ ಚೀಲ ಅಚ್ಚುಕಟ್ಟಾಗಿ ಮಡಚಿಟ್ಟಿತ್ತು. ಅದನ್ನು ಕಂಡು ಅವನು ತಲೆಯೆತ್ತಿದ. ದೂರದಲ್ಲಿ ಹಳದಿ ಟಾರ್ಪಾಲು, ಅದರ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು. ದೋಣಿ ತೆರೆದೇ ಇತ್ತು. ಅವಳು ಹುಟ್ಟನ್ನು ಅಡ್ಡಲಾಗಿ ತೊಡೆಯ ಮೇಲಿಟ್ಟುಕೊಂಡು, ಹುರಿ ಕಟ್ಟಿದ ಬಾಟಲಿಯನ್ನು ನೀರಿನಾಳಕ್ಕೆ ಬಿಡುತ್ತಿದ್ದಳು. ನಡುವಿನ ನೀರು ಕೊನೆಗೂ ಸಿಕ್ಕಿತ್ತು ಅವಳಿಗೆ.

ಅವನು ನೀರಿನಂಚಿಗೆ ಇಳಿದ. ಬೆಳಗಿನ ನೀರು ನಿಶ್ಶಬ್ದವಾಗಿತ್ತು, ಮಾತು ತೇಲಿಕೊಂಡು ಹೋಗುತ್ತಿತ್ತು.

"ಏನಮ್ಮಾ, ನಾನು ಕಣಮ್ಮ. ತಿರುಗಬೇಡ. ಇದ್ದ ಹಾಗೇ ಇರು."

ಅವಳ ತಲೆ ಮಾತ್ರ ಸ್ವಲ್ಪ ಓರೆಯಾಯಿತು. "ಮಾವ? ನೀವಿಲ್ಲಿ? ಅತ್ತೆಗೆ ಏನಾದರೂ ಆಯ್ತಾ?"

"ಅವಳಿಗೇನು, ಗಟ್ಟಿಯಾಗಿದ್ದಾಳೆ. ಏನಿಲ್ಲ. ಸುಮ್ನೆ ಬಂದೆ."

"ಏನಿಲ್ಲ ಅನ್ನೋದನ್ನ ಹೇಳೋಕೆ ವ್ಯಾನ್ ಹಾಕ್ಕೊಂಡು ಇಷ್ಟು ದೂರ ಬಂದ್ರಾ?"

ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ಮೆಲ್ಲಗೆ ಮಾತಾಡಿಯೂ ಅಭ್ಯಾಸವಿರಲಿಲ್ಲ. "ನಿನ್ನ ಕಾಲು ಎಲ್ಲಿದೆ ಈಗ? ಎತ್ತಬೇಡ. ಬರೀ ಕಣ್ಣಲ್ಲಿ ನೋಡಿ ಹೇಳು."

ಅವಳು ಬಗ್ಗಿ ನೋಡಿದಳು. ಈಗ ಅವಳ ಮಾತಿನಲ್ಲಿ ತಮಾಷೆ ಇರಲಿಲ್ಲ. "ಬಲಗಾಲಿನ ಬೂಟು ಕೆಂಪು ಪಟ್ಟಿ ಒಳಗಿದೆ. ಪಟ್ಟಿ ಬಿಗಿಯಾಗಿದೆ ಮಾವ."

"ಸರಿ. ಆ ಕಾಲನ್ನ ನಿನ್ನದಲ್ಲ ಅಂತ ತಿಳ್ಕೋ. ಅಲ್ಲಾಡಿಸಬೇಡ."

"ಎಳೆದರೆ?"

"ಎಳೀಬೇಡ" ಎಂದ. ಅಷ್ಟಕ್ಕೇ ಅವಳಿಗೆ ತಿಳಿಯಿತು. ದೋಣಿ ಮುಚ್ಚಿಕೊಳ್ಳುವುದನ್ನು ಕಂಡವಳೇ ಅವಳು.

ದಡದ ಕಡೆಯಿಂದ ಗಾಳಿ ಎದ್ದಿತು. ನೀರಿನ ಮೇಲೆ ಸಣ್ಣ ನಡುಕ ಓಡಿ ಹೋಗಿ ದೋಣಿಯನ್ನು ಅಡ್ಡಕ್ಕೆ ತಿರುಗಿಸಿತು. ತೊಡೆಯ ಮೇಲಿದ್ದ ಹುಟ್ಟು ಜಾರಿ, ಒಂದು ತುದಿ ನೀರಿಗೆ ತಾಗಿ, ಮೆಲ್ಲಗೆ ಹೊರಟು ಹೋಯಿತು. ಅವಳ ಕೈ ತಾನಾಗಿ ಅದರ ಹಿಂದೆ ಚಾಚಿತು.

"ಬಿಡು. ಹೋಗ್ಲಿ ಅದು."

ಕೈ ಅರ್ಧದಲ್ಲಿ ನಿಂತಿತು. ಹುಟ್ಟು ಒಂದು ಮಾರು ದೂರ ತೇಲಿ, ಮತ್ತೆ ಒಂದು ಮಾರು. ಇಬ್ಬರೂ ಅದನ್ನು ನೋಡುತ್ತಿದ್ದರು.

"ಈಗ ಹೇಳೋದನ್ನ ಪೂರ್ತಿ ಕೇಳಿ ಆಮೇಲೆ ಮಾಡು" ಎಂದ ಅವನು. "ಸೊಂಟದಿಂದ ಮುಂದಕ್ಕೆ ಬಗ್ಗು. ಎಡಗೈಯನ್ನ ಕೊಂಡಿ ಮೇಲಿಟ್ಟು ಗಟ್ಟಿಯಾಗಿ ಕೆಳಕ್ಕೆ ಒತ್ತಿ ಹಿಡಿ. ಕೈ ಅಲ್ಲಿಂದ ಏಳಕೂಡದು. ಹಿಡಿದ ಮೇಲೆ ಬೂಟನ್ನ ಅಲ್ಲೇ ಬಿಟ್ಟು ಕಾಲನ್ನ ಮಾತ್ರ ತೆಗಿ. ಹಾವು ಪೊರೆ ಬಿಡುತ್ತಲ್ಲ, ಹಾಗೆ."

ಅವಳು ಬಗ್ಗಿದಳು. ಮುಂಭಾಗ ತುಸು ಮುಳುಗಿ ಅಂಚಿನ ಮೇಲಿಂದ ಒಂದು ಬೊಗಸೆ ನೀರು ಒಳಗೆ ಬಂತು. "ಹಿಡಿದೆ" ಎಂದಳು. ಜಾಕೆಟ್ಟು ಮಂಡಿಗೆ ಒತ್ತಿ ಉಸಿರು ಸಾಲದೆ ಮಾತು ತುಂಡಾಗುತ್ತಿತ್ತು. "ಕೊಂಡಿ ಅರ್ಧ ಎದ್ದಿದೆ ಮಾವ. ಬೆರಳಿಗೆ ಗೊತ್ತಾಗ್ತಿದೆ."

ಆ ಅರ್ಧ ಎಷ್ಟೆಂದು ಅವನಿಗೆ ಗೊತ್ತಿತ್ತು. ಆ ಕೊಂಡಿಯನ್ನು ಅರದಿಂದ ಉಜ್ಜಿ ಉಜ್ಜಿ ನುಣುಪು ಮಾಡಿದವನು ಅವನೇ, ಬೇಗ ಜಾರಲಿ ಎಂದು.

ಬೂಟು ಒದ್ದೆಯಾಗಿ ಕಾಲಿಗೆ ಕಚ್ಚಿಕೊಂಡಿತ್ತು. ಅವಳು ಹಿಮ್ಮಡಿಯನ್ನು ಕೂದಲೆಳೆಯಷ್ಟು ಎತ್ತಿ, ನಿಲ್ಲಿಸಿ, ಮತ್ತೆ ಎತ್ತಿದಳು. ದೋಣಿ ಗಾಳಿಗೆ ತಿರುಗುತ್ತಲೇ ಇತ್ತು. ಈಗ ಅವನಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಕೈ ಏನು ಮಾಡುತ್ತಿದೆ, ಕಾಲು ಎಲ್ಲಿದೆ, ಒಂದೂ ಕಾಣದು. ಅವನು ಅರಿವಿಲ್ಲದೆ ಮುಂದಕ್ಕೆ ಹೆಜ್ಜೆ ಇಟ್ಟ. ನೀರು ಪಾದ ದಾಟಿತು, ಮಂಡಿಗೆ ಬಂತು. ಅವನಿಗೆ ಈಜು ಬರುತ್ತಿರಲಿಲ್ಲ.

"ಬಂತು" ಎಂದು ಕೇಳಿಸಿತು.

"ಕಾಲಾ? ಕೊಂಡಿಯಾ?"

"ಕಾಲು."

ಅವನು ಎರಡೂ ಕೈಯನ್ನು ಮಂಡಿಗೆ ಊರಿ ಬಗ್ಗಿ ನಿಂತ. "ಬಾಟಲಿ ಹುರಿ ಬಲಗೈಲಿ ಇದೆಯಾ? ಎಡಗೈ ತೆಗೀಬೇಡ. ಹುರಿಯನ್ನ ಕೊಂಡಿ, ಕೊಳವೆ ಎರಡನ್ನೂ ಸೇರಿಸಿ ಸುತ್ತು. ಇರೋ ಹುರಿ ಎಲ್ಲಾ ಸುತ್ತು. ಆಮೇಲೆ ಗಂಟು ಹಾಕು."

ಒಂದೇ ಕೈ ಮತ್ತು ಹಲ್ಲಿನಿಂದ ಅವಳು ಸುತ್ತಿದಳು. "ಗಂಟು ಹಾಕ್ತಿದ್ದೀನಿ" ಎಂದವಳು ಒಂದು ಕ್ಷಣ ಬಿಟ್ಟು, "ನೀವು ಕಲಿಸಿದ್ದನ್ನೇ" ಎಂದಳು.

ಅವನ ಬೆನ್ನು ನೆಟ್ಟಗಾಯಿತು. ಅವನು ಕಲಿಸಿದ್ದು ಜೀರುಗುಣಿಕೆ. "ಬೇಡ, ಬೇಡ. ಅದು ಬೇಡ ಮಗಳೇ. ಕಗ್ಗಂಟು ಹಾಕು. ಮಕ್ಕಳು ಗಾಳಿಪಟದ ದಾರಕ್ಕೆ ಹಾಕ್ತಾರಲ್ಲ, ಬಿಚ್ಚೋಕೇ ಬರಬಾರದು, ಅಂಥದ್ದು. ಒಂದರ ಮೇಲೊಂದು ಹಾಕು."

"ಎಷ್ಟು ಹಾಕ್ಲಿ?"

"ನಿನಗೆ ಬೇಜಾರಾಗೋವರೆಗೂ."

ಆ ಕಡೆಯಿಂದ ಒಂದು ಸಣ್ಣ ಶಬ್ದ ಬಂತು, ನಗುವೋ ಬಿಕ್ಕೋ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ಎಡಗೈಯನ್ನು ಮೆಲ್ಲಗೆ ಎತ್ತಿ ಗಾಳಿಯಲ್ಲಿ ಹಿಡಿದು ತೋರಿಸಿದಳು. ದೋಣಿ ಮುಚ್ಚಿಕೊಳ್ಳಲಿಲ್ಲ.

ಆದರೆ ಹುಟ್ಟಿರಲಿಲ್ಲ, ಗಾಳಿ ಅವಳನ್ನು ದಡದಿಂದ ಆಚೆಗೇ ತಳ್ಳುತ್ತಿತ್ತು. ಗುಡಾರದವನು ವ್ಯಾನಿನಲ್ಲಿ ಹಗ್ಗವಿದೆಯೇ, ಎಷ್ಟುದ್ದ ಇದೆ, ಎಸೆದರೆ ಎಟಕುತ್ತದೆಯೇ ಎಂದೆಲ್ಲ ಲೆಕ್ಕ ಹಾಕುತ್ತಿರುವಾಗ ಅವಳು ಉಳಿದ ಬೂಟನ್ನೂ ಬಿಚ್ಚಿದಳು. ಕುಣಿಕೆಯಲ್ಲಿದ್ದುದನ್ನೂ ಬಿಡಿಸಿಕೊಂಡಳು. ಎರಡು ಕೈಗೂ ಒಂದೊಂದು ಬೂಟು ತೊಟ್ಟುಕೊಂಡು, ಆಚೆ ಈಚೆ ನೀರು ತಳ್ಳುತ್ತಾ ಹೊರಟಳು. ಕಪ್ಪೆ ಈಜಿದಂತಿತ್ತು. ಮೂರು ಅಡಿ ಮುಂದೆ ಬಂದರೆ ಗಾಳಿ ಒಂದು ಅಡಿ ಹಿಂದಕ್ಕೆ ಕೊಂಡೊಯ್ಯುತ್ತಿತ್ತು. ಅವನು ಸೊಂಟದ ಮಟ್ಟದ ನೀರಿನಲ್ಲಿ ಕೈ ಚಾಚಿಕೊಂಡು ನಿಂತಿದ್ದ. ಹಳದಿ ಮೂತಿ ಅಂಗೈಗೆ ತಾಗಿದಾಗ ಅದನ್ನು ಹಿಡಿದು, ಒಂದು ಮಾತೂ ಆಡದೆ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಮೆಟ್ಟಿಲವರೆಗೆ ಎಳೆದು ತಂದ.

ಅವಳು ಇಳಿದು ಮೆಟ್ಟಿಲ ಮೇಲೆ ಕೂತಳು. ಬೆರಳ ತುದಿಗಳಲ್ಲಿ ಕೊಂಡಿಯ ಗುರುತು ಕೆಂಪಗೆ ಮೂಡಿತ್ತು.

"ನೀನು ಅವತ್ತು ಕೇಳಿದ್ದೆ" ಎಂದ ಅವನು.

"ಕೇಳಿದ್ದೆ."

"ಇನ್ನೂ ಏನಾದರೂ ಅನ್ನು. ಬೈಯಿ ಬೇಕಿದ್ರೆ."

"ಬೈಯ್ತೀನಿ ಮಾವ. ಮೊದಲು ಕೈ ನಡುಗೋದು ನಿಲ್ಲಲಿ." ಆಮೇಲೆ ಅವನತ್ತ ನೋಡದೆ ಹೇಳಿದಳು. "ದೋಣಿ ಚೆನ್ನಾಗಿದೆ. ಅದು ಸುಳ್ಳಲ್ಲ. ನೀರಲ್ಲಿ ಒಂಚೂರೂ ಓಲಾಡಲಿಲ್ಲ. ಆದರೆ ನೀವು ಮಾಡಿದ್ದು ಒಳಗಿರೋರು ಓಡಿಹೋಗೋಕೆ ಅಂತ. ನಾನು ಒಳಗೇ ಇರಬೇಕಾಗಿತ್ತು."

ಗುಡಾರದ ಹೊರಗೆ ನೆಲವಿರುತ್ತದೆ. ಇಷ್ಟು ಸಣ್ಣ ಮಾತು ಮೂರು ತಲೆಮಾರಿನ ಕಸುಬಿಗೆ ಹೊಳೆದಿರಲಿಲ್ಲ.

ಫೋನು ಬಡಿದುಕೊಂಡಿತು. ಹೆಂಡತಿ. "ಸಿಕ್ಕಿದಳಾ?" ಎಂದಷ್ಟೇ ಕೇಳಿದಳು.

"ಇಲ್ಲೇ ಇದ್ದಾಳೆ. ದಡದಲ್ಲಿ."

"ಅವಳ ಕೈಗೆ ಕೊಡಿ" ಎಂದಳು. ಅತ್ತೆ ಏನು ಹೇಳಿದಳೋ, ಸೊಸೆ ಹೂಂ, ಹೂಂ ಎನ್ನುತ್ತಾ ಮೊದಲ ಬಾರಿಗೆ ಕಣ್ಣೊರೆಸಿಕೊಂಡಳು. "ನಿಮ್ಮ ಸೊಂಟ ಹೇಗಿದೆ ಅತ್ತೆ?" ಎಂದು ಕೊನೆಗೆ ಕೇಳಿದಳು.

ಅವನು ಅಷ್ಟರಲ್ಲಿ ದೋಣಿಯ ಬಳಿ ಕೂತು ಗಂಟು ಬಿಚ್ಚಲು ನೋಡುತ್ತಿದ್ದ. ಉಗುರು ಹಾಕಿದ, ಹಲ್ಲು ಹಾಕಿದ. ಒದ್ದೆಯಾದ ಹುರಿ ಕಲ್ಲಾಗಿತ್ತು. ಒಂದರ ಮೇಲೊಂದು, ಅದರ ಮೇಲೆ ಇನ್ನೊಂದು; ಅಂಥ ಕೊಳಕು ಗಂಟನ್ನು ಅವನ ವಂಶದಲ್ಲಿ ಯಾರೂ ಕಂಡಿರಲಿಲ್ಲ.

"ವ್ಯಾನಲ್ಲಿ ಚಾಕು ಇಲ್ವಾ?" ಎಂದಳು ಸೊಸೆ.

"ಇದೆ."

ಅವನು ಎದ್ದು ಹೋದ. ಚಾಕುವಿನ ಬದಲು ಹಗ್ಗ ತಂದ. ಇಬ್ಬರೂ ಸೇರಿ ದೋಣಿಯನ್ನು ತೆರೆದದ್ದು ತೆರೆದ ಹಾಗೇ ಹೊತ್ತು, ವ್ಯಾನಿನ ನೆತ್ತಿಯ ಮೇಲೆ ಬೋರಲು ಹಾಕಿ ಕಟ್ಟಿದರು. ಮುಂದೆ ಒಂದು ಮೊಳ, ಹಿಂದೆ ಎರಡು ಮೊಳ ಚಾಚಿಕೊಂಡಿತ್ತು. ಊರೊಳಗೆ ಬರುವಾಗ ಜನ ನಿಂತು ನೋಡಿದರು. ಅಂಗಡಿಯ ಮುಂದೆ ಅವನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಕಾದಿದ್ದಳು. ಸೊಸೆಯನ್ನು ತಬ್ಬಿ, ತಲೆಯಿಂದ ಬರಿಗಾಲಿನವರೆಗೆ ಒಮ್ಮೆ ನೋಡಿ ಆದ ಮೇಲೆ ವ್ಯಾನಿನ ಮೇಲಕ್ಕೆ ಕಣ್ಣು ಹಾಯಿಸಿದಳು.

"ಮಡಚೋ ದೋಣಿ ಅಂದಿದ್ರಿ?"

"ಇವತ್ತು ಮಡಚಲ್ಲ" ಎಂದ ಅವನು. ಒಳಗೆ ಹೋಗಿ, ನೆಲದ ಮೇಲಿದ್ದ ಎರಡನೇ ದೋಣಿಯ ಕೆಂಪು ಪಟ್ಟಿಯನ್ನು ಕತ್ತರಿಸಿ ತೆಗೆದು, ಸೀಮೆಸುಣ್ಣ ಹಿಡಿದು ಬಾಗಿಲಿಗೆ ಬಂದ.

"ಇಬ್ಬರೂ ಬನ್ನಿ. ಒಬ್ಬೊಬ್ಬರಾಗಿ ಕೂತ್ಕೊಳ್ಳಿ. ಕಾಲು ಎಲ್ಲೆಲ್ಲಿ ಬರುತ್ತೆ ಅಂತ ಗೀಟು ಹಾಕ್ಕೋತೀನಿ."

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮೊದಲು ಆ ಕೊಂಡಿ ಕಳಚಿ ಹೊರಗಿಡಿ" ಎಂದಳು ಸೊಸೆ. "ಆಮೇಲೆ ಕೂರ್ತೀವಿ."

ಅವನು ಮರುಮಾತಾಡದೆ ಬಗ್ಗಿ ಕೊಂಡಿ ಕಳಚಿದ.